ಪಾರ್ಟಿ ಸೌಂಡು, ಪಕ್ಕದ ಮನೆ ಕುರ್ಚಿ

ಸೌಂಡ್ ಸಿಸ್ಟಮ್ ಮಾರುವ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಪಾರ್ಟಿಗೆಂದು ಕೊಳ್ಳಲು ಬಂದವರು ಪಾರ್ಟಿಗೆಂದು ಹೇಳುವುದಿಲ್ಲ. ನನ್ನೆದುರಿಗಂತೂ ಹೇಳುತ್ತಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹತ್ತಿರದ ಅಡ್ಡರಸ್ತೆಯಲ್ಲಿರುವ ಒಂದೇ ಅಂಗಡಿಯಲ್ಲಿ ನನ್ನ ಇಡೀ ಸರ್ವೀಸು ಕಳೆಯಿತು. ಕಾಟನ್ ಸೀರೆ, ಎಣ್ಣೆ ಹಚ್ಚಿ ಹೆಣೆದ ಜಡೆ, ಮೂಗಿನ ತುದಿಗೆ ಇಳಿದ ಕನ್ನಡಕ. ಇಂಥ ಹೆಂಗಸೊಬ್ಬಳು ಕೌಂಟರಿನ ಹಿಂದೆ ಕೂತಿರುವುದನ್ನು ಕಂಡೊಡನೆ, ಬಾಗಿಲಿನವರೆಗೂ "ಮಗಾ, ಗೋಡೆ ಅದುರ್ಬೇಕು ಕಣೋ" ಎನ್ನುತ್ತ ಬಂದ ಹುಡುಗನಲ್ಲಿ ಇದ್ದಕ್ಕಿದ್ದಂತೆ ಭಕ್ತಿ ಉಕ್ಕುತ್ತಿತ್ತು.

"ಆಂಟಿ, ಒಂದು ಸೌಂಡ್ ಸಿಸ್ಟಮ್ ಬೇಕಿತ್ತು. ಭಜನೆಗೆ."

ನನ್ನ ಕಾಲದಲ್ಲಿ ಜೆ.ಪಿ. ನಗರದಲ್ಲೂ ಬಿ.ಟಿ.ಎಂ. ಲೇಔಟಿನಲ್ಲೂ ನಡೆದಷ್ಟು ಭಜನೆ ಯಾವ ಪುಣ್ಯಕ್ಷೇತ್ರದಲ್ಲೂ ನಡೆದಿರಲಾರದು. ಅದರಲ್ಲೂ ಶನಿವಾರದ ಸಂಜೆ. ಅದರಲ್ಲೂ ಡಿಸೆಂಬರ್ ತಿಂಗಳ ಕೊನೆಯ ದಿನ.

ಈಗ ನಿವೃತ್ತಳಾಗಿ ಬನಶಂಕರಿಯ ಮನೆಯಲ್ಲಿ ಕೂತಿದ್ದರೂ ಅಕ್ಕಪಕ್ಕದ ಮಕ್ಕಳು ಬಂದು ಕೇಳುವುದು ನಿಂತಿಲ್ಲ: ಆಂಟಿ, ಕಡಿಮೆ ಬಜೆಟ್‌ನಲ್ಲಿ ಜೋರು ಸೌಂಡು ಬರಬೇಕು, ಯಾವುದು ತಗೊಳ್ಳಲಿ? ಈ ಪ್ರಶ್ನೆಗೆ ಪೂರ್ತಿ ಉತ್ತರವನ್ನು ನಾನು ಕೊಟ್ಟಿದ್ದು ಒಂದೇ ಸಲ, ಕೆಲಸದ ಕೊನೆಯ ವರ್ಷದಲ್ಲಿ, ಶಿಲ್ಪಾ ಎಂಬ ಹುಡುಗಿಗೆ. ಅವಳಿಗೆ ಹೇಳುವಾಗ ನಾನು ಕಲಿತದ್ದೆಲ್ಲ ಖರ್ಚಾಯಿತು, ಕಲಿಯದೆ ಉಳಿದದ್ದೂ ಗೊತ್ತಾಯಿತು. ಆದ್ದರಿಂದ ಈ ಕಥನವನ್ನು ಅವಳ ಜೊತೆಗೇ ನಡೆಸುತ್ತೇನೆ.

ಶಿಲ್ಪಾ ಗದಗದ ಕಡೆಯವಳು. ಆಫೀಸೊಂದರಲ್ಲಿ ಕೆಲಸ. ಜರಗನಹಳ್ಳಿಯಲ್ಲಿ ಗೆಳತಿ ನೇತ್ರಾಳ ಜೊತೆ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದವಳು ನನ್ನ ಮುಖ ನೋಡಿ, ಕನ್ನಡಕ ನೋಡಿ, ಶಾಸ್ತ್ರೋಕ್ತವಾಗಿ ಹೇಳಿದಳು:

"ಆಂಟಿ, ಒಂದು ಸೌಂಡ್ ಬಾಕ್ಸ್ ಬೇಕಾಗಿತ್ರಿ. ಪೂಜಾ ಸಲುವಾಗ್ರಿ."

ಆಗ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದೆ. "ಬಂದವರು ಚಪ್ಪಲಿ ಎಲ್ಲಿ ಬಿಡ್ತಾರೆ?"

ಈ ಪ್ರಶ್ನೆಯ ಹಿಂದೆ ಒಂದು ದುರಂತವಿದೆ, ಹೇಳಿಬಿಡುತ್ತೇನೆ. ನಾನು ಬಿಲ್ ಬರೆಯುವ ಕೆಲಸಕ್ಕೆ ಸೇರಿದವಳು. ಕೌಂಟರಿನಲ್ಲಿದ್ದ ಸೇಲ್ಸ್‌ಮನ್ ದುಬೈಗೆ ಹೋದದ್ದರಿಂದ ಆ ಸ್ಟೂಲು ನನ್ನ ಪಾಲಿಗೆ ಬಂತು. ಭಜನೆಯ ಹೆಸರು ಹೇಳಿಕೊಂಡು ಬರುವವರನ್ನು ಕೆಲಕಾಲ ನೋಡಿ, ನಾನು ಲೋಕಜ್ಞಾನಿಯಾದೆನೆಂದು ತಿಳಿದುಕೊಂಡಿದ್ದೆ. ಹೀಗಿರುವಾಗ ಮಧ್ಯವಯಸ್ಸಿನ ನಾಲ್ಕಾರು ಗಂಡಸರು ಬಂದು ಭಜನೆಗೆ ಒಂದು ಸೆಟ್ ಬೇಕು ಎಂದರು. ನಾನು ಒಳಗೊಳಗೇ ನಕ್ಕು, ಬೇಸ್ ಹೆಚ್ಚಿರುವ, ಎದೆಗೇ ಗುದ್ದುವ ಭಾರಿ ಬಾಕ್ಸನ್ನು ಕಟ್ಟಿಸಿ ಕಳುಹಿಸಿದೆ. ಅವರು ನಿಜವಾಗಿಯೂ ಭಜನಾ ಮಂಡಳಿಯವರಾಗಿದ್ದರು.

ರಾಮನವಮಿಯ ಮಾರನೆಯ ದಿನ ಮಂಡಳಿಯ ಅಧ್ಯಕ್ಷರು ಬಂದರು. "ಏನ್ ಮೇಡಂ ಕೊಟ್ಟಿದ್ದೀರಿ? ಹಾರ್ಮೋನಿಯಂ ಲಾರಿ ಸ್ಟಾರ್ಟ್ ಆದ ಹಾಗೆ ಕೇಳುತ್ತೆ. ಮೃದಂಗದವರು ತಮ್ಮ ಪೆಟ್ಟಿಗೆ ತಾವೇ ಬೆಚ್ಚಿಬಿದ್ರು. ಪಕ್ಕದ ರಸ್ತೆ ಹುಡುಗರೆಲ್ಲ ಬಂದು ಕುಣಿಯೋಕೆ ನಿಂತ್ರು!"

ಬದಲಾಯಿಸಿ ಕೊಡುತ್ತೇನೆ ಎಂದೆ ನಾನು.

ಅಧ್ಯಕ್ಷರು ಸ್ವಲ್ಪ ಹೊತ್ತು ಚಾವಣಿ ನೋಡಿದರು. "ಬೇಡ ಬಿಡಿ," ಎಂದರು. "ಹುಡುಗರು ಮಂಗಳಾರತಿವರೆಗೂ ಇದ್ರು."

ಅವರು ಹೋದ ಮೇಲೆ ನಮ್ಮ ಯಜಮಾನರು ನನ್ನನ್ನು ಕರೆದರು. ದಾವಣಗೆರೆಯಿಂದ ಬಂದು ಅಂಗಡಿ ತೆರೆದವರು, ಹೆಸರು ಶಿವಶಂಕರಪ್ಪ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಬೈಯಬೇಕಾದಾಗ ಅವರ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು, ನಮಗೆ ಭಯ ಅದಕ್ಕೇ.

"ಸರೋಜಮ್ಮ, ಯಾತಕ್ಕ ಬೇಕು ಅಂತ ಕೇಳಬ್ಯಾಡ್ರಿ. ಸುಳ್ಳು ಹೇಳಾಕ ನಾವೇ ದಾರಿ ತೋರಿಸಿದಂಗ ಆಗ್ತೈತಿ. ಚಪ್ಪಲಿ ಎಲ್ಲಿ ಬಿಡ್ತಾರ ಅಂತ ಕೇಳ್ರಿ."

ಆಮೇಲೆ ಗೊತ್ತಾಯಿತು ಅದರ ಮಹಿಮೆ. ನಿಜವಾದ ಭಜನೆಯವರು ಥಟ್ಟನೆ ಹೇಳುತ್ತಾರೆ: ಗೇಟಿನ ಹೊರಗೆ, ಸಾಲಾಗಿ. ಪಾರ್ಟಿಯವರು ತಡವರಿಸುತ್ತಾರೆ. ಅವರ ಕಣ್ಣ ಮುಂದೆ ರಾಶಿ ಬಿದ್ದ ಶೂಗಳು ಬರುತ್ತವೆ. "ಅದೂ... ಮೆಟ್ಲ ಮೇಲೆ ಆಂಟಿ." ಎಷ್ಟು ಮೆಟ್ಟಿಲು ತುಂಬುತ್ತವೆ ಎಂದು ಕೇಳಿದರೆ ಎಷ್ಟು ಜನ ಬರುತ್ತಾರೆಂದು ತಿಳಿಯುತ್ತದೆ. ಮೆಟ್ಟಿಲು ಒಳಗಿದೆಯೋ ಹೊರಗಿದೆಯೋ ಕೇಳಿದರೆ ಕೆಳಗೆ ಯಾರಿದ್ದಾರೆಂದು ತಿಳಿಯುತ್ತದೆ. ಅಷ್ಟಾದರೆ ಅರ್ಧ ಸಿಸ್ಟಮ್ ಆರಿಸಿದಂತೆಯೇ.

ಶಿಲ್ಪಾ ಕೂಡ ತಡವರಿಸಿದಳು. "ಮೆಟ್ಲ ಮ್ಯಾಲ್ರಿ..." ಎಂದವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು. "ಪೂಜಾ ಅಲ್ರಿ ಆಂಟಿ. ಪಾರ್ಟಿ."

ಸಂಗತಿ ಹೀಗಿತ್ತು. ನೇತ್ರಾಳ ಮದುವೆ ನಿಶ್ಚಯವಾಗಿತ್ತು, ಅತ್ತ ಗಜೇಂದ್ರಗಡದ ಹತ್ತಿರ. ಆಫೀಸಿನ ಗೆಳತಿಯರು ಅಷ್ಟು ದೂರ ಹೋಗಲಾರರು. ಅದಕ್ಕೆ ಇಲ್ಲೇ, ಮನೆಯಲ್ಲೇ, ಒಂದು ದಿನ ಹಾಡು ಹಾಕಿ ಕುಣಿದು ಕಳುಹಿಸಿಕೊಡಬೇಕೆಂದು ಮಾತಾಗಿತ್ತು. ನೇತ್ರಾ ಕೇಳಿಕೊಂಡದ್ದು ಅದೊಂದನ್ನೇ. ಆದರೆ ಅವರು ಆನ್‌ಲೈನಿನಲ್ಲಿ ತರಿಸಿದ್ದ ಸೆಟ್ಟು, ಗೋಡೆಗೊಂದು ಉದ್ದನೆಯ ಸ್ಪೀಕರ್ ಪಟ್ಟಿ ಮತ್ತು ನೆಲಕ್ಕೊಂದು ಬೇಸ್ ಡಬ್ಬ, ಕೆಳಗಿನ ಮನೆಗೆ ಭೂಕಂಪವಾಗಿತ್ತು. ಕೆಳಗಿದ್ದವರು ಮನೆಯ ಓನರ್ ಗೌರಮ್ಮ. ಆ ಜಾಗ ಹೊಲವಾಗಿದ್ದ ಕಾಲದಿಂದಲೂ ಅಲ್ಲೇ ಇದ್ದವರು. ಅವರ ಕೊನೆಯ ಮಾತು ಬಂದುಬಿಟ್ಟಿತ್ತು: ಇನ್ನೊಂದು ಸಲ ಆ ಶಬ್ದ ಕೇಳಿಸಿದರೆ ಮನೆ ಖಾಲಿ ಮಾಡಿ.

"ಹಂಗಾದ್ರೆ ಪಾರ್ಟಿ ಬೇರೆ ಕಡೆ ಇಟ್ಕೊಳ್ಳಮ್ಮ," ಎಂದೆ.

"ಎಲ್ಲಿ ಇಟ್ಕೊಳ್ಳೂದ್ರಿ? ನೇತ್ರಾ ಹೋದ ಮ್ಯಾಲೆ ನಾ ನಮ್ಮವ್ವನ್ನ ಕರ್ಕೊಂಡ್ ಬರೂದೈತ್ರಿ. ಊರಾಗ ಒಬ್ಬಾಕಿ ಅದಾಳ. ಈ ಮನಿ ಹೋತಂದ್ರ ನಾ ಮತ್ತ ಪಿ.ಜಿ.ಗೆ ಹೋಗ್ಬೇಕು. ಪಿ.ಜಿ.ಯೊಳಗ ಅವ್ವನ್ನ ಇಟ್ಕೊಳ್ಳಾಕ ಬರೂದಿಲ್ಲಲ್ರಿ." ಕೊನೆಗೆ ಹೇಳಿದಳು, "ಮನಿ ಉಳೀಬೇಕು, ಪಾರ್ಟಿನೂ ಆಗ್ಬೇಕು. ಬಜೆಟ್ ಮಾತ್ರ ಕೇಳ್ಬ್ಯಾಡ್ರಿ, ನಾಚ್ಕಿ ಬರ್ತೈತಿ."

ನಾನು ಕೇಳಲಿಲ್ಲ. ಅವಳು ಹೆಗಲಿಗೆ ಹಾಕಿದ್ದ ಬ್ಯಾಗಿನ ಜಿಪ್ಪು ಪಿನ್ನಿನ ಮೇಲೆ ನಿಂತಿತ್ತು.

ಈ ಹೊತ್ತಿಗೆ ಶಿವಶಂಕರಪ್ಪನವರು ತೀರಿಕೊಂಡು ಅವರ ಮಗ ಮಹೇಶ ಅಂಗಡಿ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಹುಡುಗ, ಆದರೆ ಬೆಳಕು ಮಿನುಗುವ ಯಾವುದನ್ನು ಕಂಡರೂ ಮರುಳಾಗುವ ಸ್ವಭಾವ. ಅವನು ಚಕ್ರವಿರುವ, ಬಣ್ಣದ ದೀಪ ತಿರುಗುವ ಒಂದು ಪಾರ್ಟಿ ಸ್ಪೀಕರನ್ನು ಉರುಳಿಸಿಕೊಂಡು ಬಂದೇಬಿಟ್ಟ. ಹಬ್ಬದ ದಿನ ಲಾರಿಗೆ ಅಲಂಕಾರ ಮಾಡಿದ ಹಾಗಿತ್ತು.

"ಮೇಡಂ, ಇದು ನೋಡಿ, ಡಬ್ಬಿ ಮೇಲೆ ವ್ಯಾಟ್ ಎಷ್ಟಿದೆ ನೋಡಿ!" ಎಂದ ಶಿಲ್ಪಾಳಿಗೆ.

ಡಬ್ಬಿಯ ಮೇಲಿನ ವ್ಯಾಟಿನ ವಿಚಾರ ಹೊಸಬರಿಗೆ ಎರಡು ಮಾತು. ಕ್ಯಾಸೆಟ್ಟಿನ ಕಾಲದಲ್ಲಿ ತಲೆದಿಂಬಿನಷ್ಟು ದೊಡ್ಡ ಟೇಪ್ ರೆಕಾರ್ಡರಿನ ಮೇಲೆ ಸಾವಿರಾರು ವ್ಯಾಟ್ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿರುತ್ತಿದ್ದರು. ಅದು ನಿಜವಾಗಿದ್ದರೆ ಗುಂಡಿ ಒತ್ತಿದೊಡನೆ ಜಯನಗರಕ್ಕೆಲ್ಲ ಕರೆಂಟು ಹೋಗಬೇಕಿತ್ತು. ಯಜಮಾನರು ಗಿರಾಕಿಗಳಿಗೇ ಹೇಳುತ್ತಿದ್ದರು: "ಡಬ್ಬಿ ಮ್ಯಾಲಿನ ವ್ಯಾಟು, ಮದುವಿ ಮಾತಿನಾಗ ಹುಡುಗನ ಪಗಾರ, ಎರಡನ್ನೂ ಅರ್ಧ ಮಾಡಿ ಕೇಳ್ರಿ. ಆಮ್ಯಾಲ ಇನ್ನೊಮ್ಮೆ ಅರ್ಧ ಮಾಡ್ರಿ." ವ್ಯಾಪಾರ ಕೆಡುತ್ತದೆಂದು ನಾವೆಲ್ಲ ಹಲ್ಲು ಕಚ್ಚುತ್ತಿದ್ದೆವು. ಕೇಳಿಸಿಕೊಂಡವರು ನಕ್ಕು ಕೊಳ್ಳುತ್ತಿದ್ದರು.

ವ್ಯಾಟು ಬಿಟ್ಟು ನೋಡಬೇಕಾದದ್ದು ಇನ್ನೇನು? ಗುಂಡಿಯನ್ನು ಮುಕ್ಕಾಲು ಪಾಲು ತಿರುಗಿಸಿ. ಹಾಡುವವಳಿಗೆ ನೆಗಡಿಯಾದಂತೆ ಕೇಳಿದರೆ ಆ ಬಾಕ್ಸು ನಿಮಗಲ್ಲ. ಒಂದು ಬಾಕ್ಸು ಕಿರುಚುವುದಕ್ಕಿಂತ ಎರಡು ಬಾಕ್ಸು ಮಾತಾಡುವುದು ಒಳ್ಳೆಯದು. ಕಡಿಮೆ ಬಜೆಟ್ಟಿಗೆ ಹಳೆಯ ಆಂಪ್ಲಿಫೈಯರ್ ಮತ್ತು ಎರಡು ಗಟ್ಟಿಯಾದ ಮರದ ಬಾಕ್ಸು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಐದಾರು ಪುಟ್ಟ ಡಬ್ಬಗಳಿರುವ ಹೋಮ್ ಥಿಯೇಟರನ್ನು ಪಾರ್ಟಿಗೆ ಕೊಳ್ಳಬೇಡಿ. ಅದು ಸೋಫಾದ ಮೇಲೆ ಕೂತವರಿಗೆ ಮಾಡಿದ್ದು, ಪಾರ್ಟಿಯಲ್ಲಿ ಸೋಫಾ ಅಡುಗೆಮನೆಗೆ ಹೋಗಿರುತ್ತದೆ.

ಇನ್ನೊಂದು ಮಾತು. ಖಾಲಿ ಕೋಣೆಯಲ್ಲಿ ಕೇಳಿ ಮರುಳಾಗಬೇಡಿ. ಜನ ತುಂಬಿದರೆ ಮೈಗೂ ಬಟ್ಟೆಗೂ ಸದ್ದು ಇಂಗಿಹೋಗುತ್ತದೆ. ಇದಕ್ಕೆಂದೇ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಪಾರ್ಟಿಗೆ ಕೊಳ್ಳುವವರು ಬಂದರೆ ಯಜಮಾನರು ಪಕ್ಕದ ಟೈಲರನ್ನೂ ಎದುರಿನ ಜೆರಾಕ್ಸ್ ಅಂಗಡಿಯವರನ್ನೂ ಹೂವಿನವಳನ್ನೂ ಕರೆಸಿ ಡೆಮೊ ಕೋಣೆಯಲ್ಲಿ ನಿಲ್ಲಿಸುತ್ತಿದ್ದರು. ಪ್ರತಿಫಲ ಒಂದು ಲೋಟ ಕಾಫಿ. ಹಾಡು ಕಿವಿ ಹರಿಯುವಂತೆ ಮೊಳಗುತ್ತಿರುವಾಗ ಆ ಸಜ್ಜನರು ಕೈಕಟ್ಟಿಕೊಂಡು, ತಲೆ ತಗ್ಗಿಸಿ, ಸಂತಾಪ ಸಭೆಗೆ ಬಂದವರಂತೆ ನಿಂತಿರುತ್ತಿದ್ದರು. ಟೈಲರ್ ಮಾತ್ರ ವರ್ಷಗಳ ಅನುಭವದಿಂದ ಪರಿಣತರಾಗಿದ್ದರು. "ಇದು ಜನರ ಮಧ್ಯೆ ಸಾಯುತ್ತೆ ಮೇಡಂ, ಬೇಡ," ಎಂದರೆ ಅದೇ ಕೊನೆಯ ತೀರ್ಪು.

ಶಿಲ್ಪಾಳಿಗೆಂದು ಅವರನ್ನೆಲ್ಲ ಕರೆಸಿದೆ. ಮಹೇಶನ ಲಾರಿ ಜನರ ಮಧ್ಯೆ ಬರೀ ಗುಡುಗಿತು, ಹಾಡು ಕಳೆದುಹೋಯಿತು. ಟೈಲರ್ ತಲೆಯಾಡಿಸಿದರು. ಆಗ ನಾನು ಎಕ್ಸ್‌ಚೇಂಜಿಗೆ ಬಂದ ವಸ್ತುಗಳ ಮೂಲೆಯಿಂದ ಒಂದು ಹಳೆಯ ಆಂಪ್ಲಿಫೈಯರನ್ನು ಹೊರತೆಗೆಸಿದೆ. ಅದರ ಮುಖದ ಮೇಲೆ ಎ ಮತ್ತು ಬಿ ಎಂದು ಎರಡು ಗುಂಡಿಗಳಿದ್ದವು. ಎ ಒತ್ತಿದರೆ ಒಂದು ಜೋಡಿ ಬಾಕ್ಸು, ಬಿ ಕೂಡ ಒತ್ತಿದರೆ ಇನ್ನೊಂದು ಕೋಣೆಯಲ್ಲಿಟ್ಟ ಬಾಕ್ಸು ಹಾಡುತ್ತದೆ. ನನ್ನ ಸರ್ವೀಸಿನಲ್ಲಿ ಯಾವ ಗಿರಾಕಿಯೂ ಬಿ ಒತ್ತಿದ್ದನ್ನು ನಾನು ಕಂಡಿಲ್ಲ. ಒಂದು ಕೋಣೆಗೇ ಪರದಾಡುವವರಿಗೆ ಇನ್ನೊಂದು ಕೋಣೆ ಎಲ್ಲಿಂದ ಬರಬೇಕು. ಅದಕ್ಕೆರಡು ಮರದ ಬಾಕ್ಸು ಜೋಡಿಸಿ ಹಾಕಿದೆ. ಹೂವಿನವಳ ಕಾಲು ಅವಳಿಗೇ ತಿಳಿಯದಂತೆ ತಾಳ ಹಾಕಿತು. ಟೈಲರ್, "ಕಾಫಿ ತರ್ಸಿ," ಎಂದರು.

"ಇದನ್ನ ಕೊಡ್ರಿ!" ಎಂದಳು ಶಿಲ್ಪಾ.

"ಇರಮ್ಮ, ಕುರ್ಚಿ ಬಾಕಿ ಇದೆ."

ಆ ಕುರ್ಚಿಯ ಚರಿತ್ರೆ ನಮ್ಮ ಅಂಗಡಿಯ ಚರಿತ್ರೆಗಿಂತ ಗೌರವದ್ದು. ನಾನು ಕೌಂಟರಿಗೆ ಬಂದ ಹೊಸತರಲ್ಲಿ, ಆ ರಾಮನವಮಿ ಕಳೆದ ಮೇಲೆ, ಜಯನಗರದ ಒಬ್ಬರಿಗೆ ದೊಡ್ಡ ಸೆಟ್ಟೊಂದನ್ನು ಮಾರಿದ್ದೆವು. ಅದಾದ ಕೆಲವೇ ದಿನಕ್ಕೆ ಒಬ್ಬ ವಯಸ್ಸಾದ ಗೃಹಸ್ಥರು ಆಟೋದಲ್ಲಿ ಬಂದಿಳಿದರು. ಜೊತೆಗೊಂದು ಬೆತ್ತದ ಕುರ್ಚಿ. ಅದನ್ನು ತಂದು ಅಂಗಡಿಯ ನಟ್ಟನಡುವೆ ಇಟ್ಟು ಕೂತು ಪೇಪರ್ ಬಿಡಿಸಿದರು.

"ಏನ್ ಬೇಕಿತ್ತು ಸಾರ್?" ಎಂದೆ.

"ಏನೂ ಬೇಡ. ನನ್ನ ಮನೇಲಿ ಕೂರೋಕಾಗ್ತಿಲ್ಲ. ಪಕ್ಕದ ಮನೆಯವರಿಗೆ ಆ ಸೆಟ್ ಮಾರಿದ್ದು ನೀವೇ ತಾನೆ? ಇನ್ಮೇಲೆ ಇಲ್ಲೇ ಕೂರ್ತೀನಿ. ಕಾಫಿ ಇದ್ರೆ ಕೊಡಿ, ಸಕ್ಕರೆ ಕಡಿಮೆ."

ಸಂಜೆಯವರೆಗೂ ಕೂತರು. ಗಿರಾಕಿಗಳು ಅವರನ್ನು ಸುತ್ತಿಕೊಂಡು ಓಡಾಡಿದರು. ಯಜಮಾನರು ಖುದ್ದಾಗಿ ಹೋಗಿ ಆ ಸೆಟ್ಟಿನ ಜಾಗ ಬದಲಾಯಿಸಿಕೊಟ್ಟು ಬಂದ ಮೇಲೆ ಎದ್ದು, "ಥ್ಯಾಂಕ್ಸ್," ಎಂದು ಹೊರಟುಹೋದರು. ಕುರ್ಚಿಯನ್ನು ಬಿಟ್ಟುಹೋದರು. ಮರೆತರೋ, ಎಚ್ಚರಿಕೆಯಾಗಿ ಬಿಟ್ಟರೋ, ಕೊನೆಗೂ ತಿಳಿಯಲಿಲ್ಲ.

ಯಜಮಾನರು ಅದನ್ನು ಎಸೆಯಗೊಡಲಿಲ್ಲ. ಡೆಮೊ ಕೋಣೆಯ ಹಿಂದಿನ ಗೋಡೆಯಾಚೆ, ಓಣಿಯಲ್ಲಿ ಇಡಿಸಿದರು. ಅದಕ್ಕೆ ಪಕ್ಕದ ಮನೆ ಎಂದೇ ಹೆಸರಾಯಿತು. ಅಂದಿನಿಂದ ಅದರಲ್ಲಿ ಕೂತು ಕೇಳದವರಿಗೆ ಬಿಲ್ಲಿಲ್ಲ. ತಮ್ಮದೇ ಹಾಡನ್ನು ಗೋಡೆಯಾಚೆಯಿಂದ ಕೇಳಿದ ಎಷ್ಟೋ ಮಂದಿ ಸಪ್ಪೆ ಮುಖದಿಂದ ಎದ್ದು ಬಂದು ಚಿಕ್ಕ ಬಾಕ್ಸು ಕೊಂಡಿದ್ದಾರೆ. ಮಡಿವಾಳದ ಒಬ್ಬ ಮಹಾನುಭಾವರು ಮಾತ್ರ ಕಣ್ಣು ಮುಚ್ಚಿ ಕೇಳಿ, ಮುಖ ಅರಳಿಸಿ, "ಮೇಡಂ, ಪಕ್ಕದ ಮನೆಗೆ ಇನ್ನೂ ಸ್ವಲ್ಪ ಜಾಸ್ತಿ ಕೇಳೋದು ಯಾವುದಿದೆ?" ಎಂದರು. ಅಂಗಡಿ ನಡೆಯಬೇಕಲ್ಲ, ಅದನ್ನೂ ತೋರಿಸಿದೆವು.

ಮಹೇಶನಿಗೆ ಆ ಕುರ್ಚಿಯ ಜಾಗದಲ್ಲಿ ಟಿ.ವಿ. ನಿಲ್ಲಿಸುವ ಆಸೆ. "ಮೇಡಂ, ಈಗ ಜನ ಫೋನಲ್ಲೇ ಆರ್ಡರ್ ಮಾಡ್ತಾರೆ, ಯಾರು ಬಂದು ಇದರಲ್ಲಿ ಕೂರ್ತಾರೆ?" ಎನ್ನುತ್ತಿದ್ದ. ನಾನು ಇರುವವರೆಗೆ ಇರಲಿ ಎಂದಿದ್ದೆ.

ಶಿಲ್ಪಾಳನ್ನು ಅದರಲ್ಲಿ ಕೂರಿಸಿ, ಮೊದಲು ಅವಳ ಮನೆಯಲ್ಲಿರುವಂಥದೇ ಬೇಸ್ ಡಬ್ಬವನ್ನು ನೆಲದ ಮೇಲಿಟ್ಟು, ಅವಳ ಫೋನಿನಿಂದಲೇ ಅವಳಿಗಿಷ್ಟವಾದ ಹಾಡು ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗಿದಳು.

"ಆಂಟಿ, ಯಾವ ಹಾಡ್ರಿ ಇದು? ಬರೇ ದುಮ್ ದುಮ್ ಅಂತೈತಿ."

"ನಿನ್ನದೇ ಹಾಡಮ್ಮ."

ಆಮೇಲೆ ನಾನು ಆ ಡಬ್ಬ ತೆಗೆದು, ಗುದ್ದು ನೆಲಕ್ಕಿಳಿಯದಂತೆ ಮರದ ಬಾಕ್ಸುಗಳನ್ನು ಡೆಮೊ ಕೋಣೆಯಲ್ಲಿದ್ದ ಒಂದು ಹಳೆಯ ಹಾಸಿಗೆ ಮೇಲಿಟ್ಟು ಹಾಕಿದೆ. ಗೋಡೆಯಾಚೆ ಗುದ್ದು ನಿಂತಿತು. ಅವಳ ಮುಖ ಅರಳಿತು. ಬಿಲ್ ಮಾಡಿದೆ. ಆನ್‌ಲೈನಿನ ಆ ಸೆಟ್ಟನ್ನು ಎಕ್ಸ್‌ಚೇಂಜಿಗೆ ತೆಗೆದುಕೊಂಡು, ಮಹೇಶನ ಕಡೆ ನೋಡದೆ, ಅವಳ ಪಿನ್ನು ಹಾಕಿದ ಬ್ಯಾಗಿಗೆ ತಕ್ಕ ಬೆಲೆ ಹಾಕಿದೆ. ಪಾರ್ಟಿಯ ದಿನ ನಾನೇ ಬಂದು ಜೋಡಿಸುತ್ತೇನೆ ಎಂದೂ ಹೇಳಿದೆ. ಮನೆಗೆ ಹೋಗಿ ಜೋಡಿಸಿಕೊಡುವುದು ಯಜಮಾನರ ಕಾಲದ ಪದ್ಧತಿ. ಈಗ ಅದಕ್ಕೂ ಫೋನಿನಲ್ಲಿ ವಿಡಿಯೊ ಇದೆಯಂತೆ.

ಭಾನುವಾರ ಮಧ್ಯಾಹ್ನ ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ಜರಗನಹಳ್ಳಿಯ ಒಳರಸ್ತೆಗೆ ಹೋದೆ. ತೊಂದರೆಯಾದರೆ ಬೇಕಾದೀತೆಂದು ಒಂದು ಸಣ್ಣ ಬಾಕ್ಸನ್ನೂ ವೈರಿನ ಸುರುಳಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಮೇಲೆ ನೇತ್ರಾ ಮೆಹಂದಿ ಹಾಕಿಸಿಕೊಂಡು ಕೈ ಎತ್ತಿ ಹಿಡಿದು ಕೂತಿದ್ದಳು. ಶಿಲ್ಪಾ ಬಾಕ್ಸುಗಳನ್ನು ಸ್ಟೀಲ್ ಬೀರುವಿನ ಮೇಲೆ ಏರಿಸಿಟ್ಟಿದ್ದಳು. ಹಾಕಿ ನೋಡಿದರೆ ಬೀರುವಿನೊಳಗಿನ ಬಳೆ, ಡಬ್ಬಿ, ಹ್ಯಾಂಗರುಗಳೆಲ್ಲ ಹಾಡಿಗೆ ಸೇರಿಕೊಂಡವು. ಇಳಿಸಿ ಮಂಚದ ಹತ್ತಿಯ ಹಾಸಿಗೆ ಮೇಲಿಟ್ಟೆ, ಮೂಲೆಯಿಂದ ದೂರಕ್ಕೆ ಎಳೆದೆ, ಬೇಸ್ ಗುಂಡಿಯನ್ನು ತಗ್ಗಿಸಿದೆ. ಆಮೇಲೆ, ಅಂಗಡಿಯ ನಿಯಮದಂತೆ, ಪಕ್ಕದ ಮನೆಗೆ ಹೊರಟೆ. ಇಲ್ಲಿ ಅದು ಕೆಳಗಿನ ಮನೆ.

ಗೌರಮ್ಮನವರು ನಡುಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

"ಯಾರವ್ವ ನೀನು? ಆ ಹುಡ್ಗೀರ ಕಡೆಯೋಳಾ?"

"ಸೌಂಡ್ ಬಾಕ್ಸ್ ಅಂಗಡಿಯವಳಮ್ಮ. ಕೆಳಗೆ ಶಬ್ದ ಬರುತ್ತಾ ಅಂತ ನೋಡ್ಬೇಕಿತ್ತು. ಸ್ವಲ್ಪ ಹೊತ್ತು ಇಲ್ಲಿ ಕೂರ್ಲಾ?"

"ಕೂತ್ಕೊ. ಇಲ್ಲಿ ಕೂತು ಕೇಳ್ತೀನಿ ಅಂದೋಳು ನೀನೇ ಮೊದ್ಲು." ಕಿಟಕಿಯ ಮೇಲಿದ್ದ ನೀರಿನ ಲೋಟ ತೋರಿಸಿದರು. "ಮೊದಲ್ನೇ ಡಬ್ಬ ಇದ್ದಾಗ ಈ ಲೋಟದ್ ನೀರು ಕುಣೀತಿತ್ತು."

ಮೇಲೆ ಹಾಡು ಶುರುವಾಯಿತು. ನನಗೆ ಗೊತ್ತಿತ್ತು, ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕೆಳಗೆ ಲೋಟದ ನೀರು ಕನ್ನಡಿಯಂತೆ ನಿಂತಿತ್ತು. ನಾನು ಕೈಕಟ್ಟಿಕೊಂಡು ಕೂತೆ. ನನ್ನ ಸರ್ವೀಸಿನ ಅತ್ಯಂತ ಅಚ್ಚುಕಟ್ಟಾದ ಕೆಲಸ ಇದೇ ಎಂದು ಒಳಗೊಳಗೇ ನನಗೆ ನಾನೇ ಶಾಲು ಹೊದಿಸಿಕೊಂಡೆ.

ಗೆಳತಿಯರು ಒಬ್ಬೊಬ್ಬರಾಗಿ ಬಂದು ಬಾಗಿಲ ಮುಂದೆಯೇ ಮೆಟ್ಟಿಲು ಹತ್ತತೊಡಗಿದರು. ಮೇಲಿನ ಮೆಟ್ಟಿಲುಗಳು ತುಂಬಿ ಚಪ್ಪಲಿಗಳು ಕೆಳಕೆಳಗೆ ಇಳಿದು, ಕೊನೆಗೆ ಗೌರಮ್ಮನವರ ಹೊಸ್ತಿಲಿನ ಹತ್ತಿರವೇ ಬಂದು ನಿಂತವು. ಅವರು ಅವನ್ನೇ ನೋಡುತ್ತಿದ್ದರು.

"ಏನಿಷ್ಟ್ ಜನ? ಏನ್ ವಿಶೇಷ?"

"ನೇತ್ರಾ ಮದುವೆ ಅಲ್ವಾ ಅಮ್ಮ. ಊರಿಗೆ ಹೋಗ್ತಿದ್ದಾಳೆ, ಅದಕ್ಕೆ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. "ಮದ್ವೇನಾ?"

ಅವರಿಗೆ ಹೇಳಿಯೇ ಇಲ್ಲವೆಂದು ನನಗೆ ಆಗ ಹೊಳೆಯಿತು. ಶಾಲು ಜಾರಿತು.

"ನನ್ ಮನೆ ಮೆಟ್ಲ್ ಮೇಲೆ ಊರೋರ್ ಚಪ್ಲಿ ಎಲ್ಲಾ ಬಂದವೆ. ನನ್‌ಗೊಂದ್ ಮಾತ್ ಬಂದಿಲ್ಲ," ಎಂದರು ಗೌರಮ್ಮ. ದನಿ ಏರಲಿಲ್ಲ, ನಮ್ಮ ಯಜಮಾನರಂತೆ ಇಳಿಯಿತು. "ಶಬ್ದ ಇದ್ದಾಗ ಮೇಲ್ಗಡೆ ಏನೋ ನಡೀತದೆ ಅಂತನಾದ್ರೂ ಗೊತ್ತಾಗ್ತಿತ್ತು. ನೀನ್ ಬಂದು ಅದನ್ನೂ ಬಾಯ್ ಕಟ್ಟಿಸ್ಬಿಟ್ಟೆ. ಕರಿ ಆ ಶಿಲ್ಪನ್ನ. ಇವತ್ತೇ ಒಂದ್ ಮಾತ್ ಹೇಳ್ಬಿಡ್ತೀನಿ."

ಆ ಒಂದು ಮಾತು ಯಾವುದೆಂದು ನನಗೂ ಗೊತ್ತಿತ್ತು, ಕೆಳಗಿಳಿದು ಬಂದ ಶಿಲ್ಪಾಳಿಗೂ ಗೊತ್ತಿತ್ತು. ಹೊಸ ಚೂಡಿದಾರದ ದುಪಟ್ಟಾವನ್ನು ಬೆರಳಿಗೆ ಸುತ್ತುತ್ತ ಬಾಗಿಲಲ್ಲಿ ನಿಂತಳು.

"ಸೌಂಡ್ ಕೇಳಿಸ್ತೇನ್ರಿ ಅಮ್ಮಾರ?"

"ಇಲ್ಲ. ಏನೂ ಕೇಳಿಸ್ಲಿಲ್ಲ. ಮದ್ವೆ ವಿಷ್ಯಾನೂ ಕೇಳಿಸ್ಲಿಲ್ಲ."

ಶಿಲ್ಪಾ ತಲೆ ತಗ್ಗಿಸಿದಳು. "ಹೇಳಿದ್ರ ಪಾರ್ಟಿ ಬ್ಯಾಡ ಅಂತೀರಂತ ಹೆದ್ರಿಕಿ ಆತ್ರಿ. ಸೌಂಡ್ ಬಂದ್ರ ಮನಿ ಖಾಲಿ ಮಾಡ್ರಿ ಅಂದಿದ್ರಲ್ಲ... ನಮ್ಮವ್ವ ಬರಾಕಿ ಅದಾಳ್ರಿ ಇಲ್ಲಿಗೆ. ಈ ಮನಿ ಬಿಟ್ರ ನನಗ ಬ್ಯಾರೆ ದಾರಿ ಇಲ್ರಿ."

"ಅದು ಸೌಂಡೇನೇ? ಅರ್ಧ ಸೌಂಡು!" ಗೌರಮ್ಮನವರಿಗೆ ಈಗ ಸಿಟ್ಟು ಬಂದಿತ್ತು. "ಹಾಡು ನಿಮಗೆ, ಗುದ್ದು ನಂಗೆ! ದುಮ್ ದುಮ್ ಅಂತದೆ, ಯಾವ್ ಹಾಡು ಅಂತ ಗೊತ್ತಾಗಂಗಿಲ್ಲ. ತಿಂಗಳುಗಟ್ಲೆ ತಲೆ ಕೆಡಿಸ್ಕಂಡ್ ಕೂತಿದೀನಿ. ಖಾಲಿ ಮಾಡಿ ಅನ್ನದೆ ಇನ್ನೇನ್ ಅನ್ಲಿ? ಒಂದ್ ದಿನ ಬಾ ಅಮ್ಮ ಅಂತ ಕರೆದ್ರಾ?"

"ಈಗ ಬರ್ರಿ ಅಮ್ಮಾರ, ಮ್ಯಾಲ ಬರ್ರಿ."

"ಈ ಮಂಡೀಲಾ? ನನ್ ಮನೆ ಮೆಟ್ಲು ನಾನೇ ಹತ್ತಿ ವರ್ಷಗಳಾದ್ವು."

ಹೊಸ್ತಿಲ ಮುಂದೆ ಚಪ್ಪಲಿಗಳು. ಮೇಲೆ, ಇಲ್ಲಿಗೆ ಕೇಳದಂತೆ ನಾನೇ ಕಟ್ಟಿಹಾಕಿದ ಹಾಡು. ಆಗ ನನಗೆ ಬಿ ಗುಂಡಿ ನೆನಪಾಯಿತು.

ಚೀಲದಿಂದ ಸಣ್ಣ ಬಾಕ್ಸು ತೆಗೆದು ಗೌರಮ್ಮನವರ ಟಿ.ವಿ. ಪಕ್ಕದಲ್ಲಿಟ್ಟೆ. ಮೇಲೆ ಹೋಗಿ ಬಾಲ್ಕನಿಯಿಂದ ವೈರು ಇಳಿಬಿಟ್ಟೆ. ಗೆಳತಿಯರೆಲ್ಲ ಕುಣಿತ ನಿಲ್ಲಿಸಿ ಕಂಬಿಯ ಹತ್ತಿರ ಬಂದು, ಬಾವಿಗೆ ಹಗ್ಗ ಬಿಟ್ಟವರಂತೆ ನೋಡಿದರು. ಮೆಹಂದಿಯ ಕೈಯಲ್ಲಿ ಏನನ್ನೂ ಹಿಡಿಯಲಾಗದ ನೇತ್ರಾ, "ಎಡಕ್ಕ, ಎಡಕ್ಕ! ತುಳಸಿ ಗಿಡಕ್ಕ ಸಿಕ್ಕೈತಿ!" ಎಂದು ಬಾಯಲ್ಲೇ ಉಸ್ತುವಾರಿ ಮಾಡಿದಳು. ಕೆಳಗೆ ಶಿಲ್ಪಾ ಅದನ್ನು ಕಿಟಕಿಯಿಂದ ಒಳಗೆಳೆದುಕೊಂಡು ಬಾಕ್ಸಿಗೆ ಸಿಕ್ಕಿಸಿದಳು. ನನ್ನ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ನಾನು ಬಿ ಒತ್ತಿದೆ.

ಕೆಳಗಿಳಿದು ಬಂದಾಗ ಗೌರಮ್ಮನವರು ತಲೆ ವಾರೆ ಮಾಡಿ ಕೇಳುತ್ತಿದ್ದರು. ಆ ಹಾಡು ಮುಗಿದು ಇನ್ನೊಂದು ಶುರುವಾದೊಡನೆ ಅವರ ಕೈ ತೊಡೆಯ ಮೇಲೆ ಎದ್ದಿತು.

"ಇರು, ಇರು. ಇದು ನಂಗೊತ್ತು. ಈಗ ಒಂದ್ ಗಳಿಗೆ ನಿಲ್ತದೆ ನೋಡು..."

ಹಾಡು ನಿಂತಿತು.

"ಈಗ ಮೂರ್ ಗುದ್ದು!"

ಮೂರು ಪೆಟ್ಟು ಬಿತ್ತು. ಅವರ ಕೈಯೂ ಅದರ ಜೊತೆಗೇ ಬಿತ್ತು. ಮಾತೇ ಕೇಳಿಸದ ಆ ಹಾಡನ್ನು ಅವರು ಚಾವಣಿಯ ಮೂಲಕ ಬಾಯಿಪಾಠ ಮಾಡಿಕೊಂಡಿದ್ದರು. "ಓ, ಇದಾ ಅದು! ಇಷ್ಟ್ ಚೆನ್ನಾಗೈತಾ ಇದು?" ಎಂದರು. ಶಿಲ್ಪಾ ಅವರ ಕಾಲ ಬಳಿ ಕೂತುಬಿಟ್ಟಳು, ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ನೋಡಲಿಲ್ಲ. ವೈರು ಸರಿಪಡಿಸುವ ನೆವ ಹೇಳಿ ಕಿಟಕಿಯ ಕಡೆ ತಿರುಗಿಕೊಂಡೆ.

ಸ್ವಲ್ಪ ಹೊತ್ತಿನಲ್ಲೇ ಅರ್ಧ ಪಾರ್ಟಿ ಕೆಳಗಿಳಿಯಿತು. ನೇತ್ರಾ ಮೆಹಂದಿಯ ಕೈ ಮುಂದೆ ಚಾಚಿಕೊಂಡೇ ನಮಸ್ಕಾರ ಮಾಡಿದಳು. ಗೌರಮ್ಮನವರು ಒಳಗಿನಿಂದ ಕುಂಕುಮದ ಬಟ್ಟಲು ತರಿಸಿ ಹಣೆಗಿಟ್ಟು, "ಲೇ, ಸೌಂಡು ಸಾಲಲ್ಲ, ಇನ್ನೊಂಚೂರು ಏರ್ಸೇ!" ಎಂದು ನನಗೆ ಅಪ್ಪಣೆ ಮಾಡಿದರು. ಶಬ್ದ ತಗ್ಗಿಸಲು ಬಂದವಳು ಮೇಲೆ ಹೋಗಿ ಏರಿಸಿ ಬಂದೆ.

ಎದುರು ಮನೆಯವರು ಗೇಟಿನ ಹತ್ತಿರ ಬಂದರು. "ಏನ್ ಗೌರಮ್ಮಕ್ಕ, ಏನಿದು ಗಲಾಟೆ?"

"ನಮ್ಮನೆ ಹುಡ್ಗಿ ಮದ್ವೆ ಕಣಪ್ಪ! ಬಾ ಒಳಕ್ಕೆ. ಚಪ್ಲಿ ಅಲ್ಲೇ ಎಲ್ಲಾದ್ರೂ ಬಿಡು, ಜಾಗ ಇಲ್ಲ."

ನೇತ್ರಾ ಮದುವೆಯಾಗಿ ಹೋದಳು. ಶಿಲ್ಪಾಳ ಅವ್ವ ಬಂದರು. ಮಗಳು ಆಫೀಸಿಗೆ ಹೋದರೆ ಅವ್ವ ಕೆಳಗಿನ ನಡುಮನೆಯಲ್ಲೇ ಇರುತ್ತಾರಂತೆ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅದಕ್ಕೇ ಮಾತು ಮುಗಿಯುವುದಿಲ್ಲ ಎಂದು ಶಿಲ್ಪಾ ಫೋನಿನಲ್ಲಿ ಹೇಳಿದಳು. ನಾನು ಯಜಮಾನರ ಕುರ್ಚಿಯ ಬಗ್ಗೆ ಆಮೇಲೆ ಬಹಳ ಯೋಚಿಸಿದೆ. ಕೊಳ್ಳುವವರನ್ನು ಪಕ್ಕದ ಮನೆಯಲ್ಲಿ ಕೂರಿಸುವುದು ನಮಗೆ ಗೊತ್ತಿತ್ತು. ಪಕ್ಕದ ಮನೆಯವರಿಗೆ ಒಂದು ಬಾಕ್ಸು ಕೊಡಬಹುದೆಂದು ಅಷ್ಟು ವರ್ಷಗಳಲ್ಲಿ ಯಾರಿಗೂ ತೋಚಿರಲಿಲ್ಲ. ಗುಂಡಿಯಂತೂ ಮುಖದ ಮೇಲೇ ಇತ್ತು.

ನನ್ನ ನಿವೃತ್ತಿಯ ವಾರ. ಕೌಂಟರಿನ ಫೋನು ಬಡಿದುಕೊಂಡಿತು.

"ಯಾರು, ಅಂಗಡಿಯವ್ವನಾ? ನಾನು ಕಣೆ, ಜರಗನಹಳ್ಳಿ ಗೌರಮ್ಮ. ನೀನ್ ಅವತ್ತು ಇಟ್ಟೋದ ಚಿಕ್ಕ ಡಬ್ಬ ಸಾಲಲ್ಲ. ನನ್‌ಗೇ ಅಂತ ಒಂದು ಸೌಂಡ್ ಬಾಕ್ಸ್ ಬೇಕಿತ್ತು."

"ಸಂತೋಷ ಅಮ್ಮ."

ಆ ಕಡೆ ಸ್ವಲ್ಪ ಕೆಮ್ಮು. "ಭಜನೆಗೆ."

"ಹೌದಾ ಅಮ್ಮ? ಬಂದವರು ಚಪ್ಪಲಿ ಎಲ್ಲಿ ಬಿಡ್ತಾರೆ?"

"ಅದೂ..." ಎಂದು ತಡವರಿಸಿದರು. ಹಿಂದಿನಿಂದ ಶಿಲ್ಪಾಳ ಅವ್ವ ನಗುವ ಸದ್ದು ಬಂತು.

"ಮೆಟ್ಲ್ ಮೇಲೆ ಕಣವ್ವ," ಎಂದರು ಗೌರಮ್ಮ. "ಗೇಟ್‌ವರ್ಗೂ ಬತ್ತವೆ."

ದೊಡ್ಡದನ್ನೇ ಕಟ್ಟಿಸಿದೆ. ಪಕ್ಕದ ಮನೆ ಕುರ್ಚಿ ಬಂದ ಮೇಲೆ, ಅದರಲ್ಲಿ ಕೂರಿಸದೆ ನಾನು ಮಾಡಿದ ಬಿಲ್ಲು ಅದೊಂದೇ. ಆ ಕುರ್ಚಿಯಲ್ಲಿ ಅವರು ತಮ್ಮ ಮನೆಯಲ್ಲೇ ಬೇಕಾದಷ್ಟು ಕೂತಿದ್ದರು.